ಅಕ್ಕ ಕೇಳಿದ ಪ್ರಶ್ನೆ

ಆಸ್ಪತ್ರೆಯ ಎದುರು ಬೀದಿಯಲ್ಲಿ ಎರಡೇ ಕುರ್ಚಿಗಳ ಕ್ಷೌರದಂಗಡಿ ಅವನದು. ಹದಿನಾರು ವರ್ಷದಿಂದ ಪ್ರತಿ ಗುರುವಾರ ಅಂಗಡಿಯ ಬಾಗಿಲೆಳೆದು, ಮೆಶೀನು, ಬಿಳಿ ಬಟ್ಟೆ, ಮೆತ್ತನೆಯ ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಮೂರನೇ ಮಹಡಿಯ ಕ್ಯಾನ್ಸರ್ ವಾರ್ಡಿಗೆ ಹೋಗುತ್ತಿದ್ದ. ಔಷಧಿ ಶುರುವಾದ ಎರಡು ಮೂರು ವಾರಕ್ಕೆ ಕೂದಲು ದಿಂಬಿನ ತುಂಬ ಉದುರತೊಡಗುತ್ತದೆ. ಉಳಿದದ್ದನ್ನೂ ತೆಗೆದುಬಿಡಪ್ಪ ಎಂದು ರೋಗಿಗಳೇ ಕೇಳುತ್ತಾರೆ. ತೆಗೆಯುತ್ತಿದ್ದ. ಯಾಕೆ ಉದುರುತ್ತದೆ ಎಂದು ಅವನು ಯಾರನ್ನೂ ಕೇಳಿದವನಲ್ಲ.

ಅವನ ಅಕ್ಕ ಬಟ್ಟೆ ಹೊಲಿಯುವವಳು. ತಾಯಿ ಹೋದ ಮೇಲೆ ಇವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವಳ ಎದೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮುಗಿಯಿತು. ಇನ್ನು ಔಷಧಿ ಎಂದು ಡಾಕ್ಟರು ಹೇಳಿದ ಕೂಡಲೇ ಅಕ್ಕ ಬೇಡವೆಂದು ಪಟ್ಟು ಹಿಡಿದಳು.

"ಗಡ್ಡೆ ತೆಗೆದಾಯ್ತಲ್ಲ, ಇನ್ನೇನಂತೆ? ಎದೆಗೆ ಬಂದ ಕಾಯಿಲೆಗೆ ತಲೆ ಯಾಕೆ ಬೋಳಾಗ್ಬೇಕು? ಅಷ್ಟು ಜನರ ತಲೆ ಬೋಳಿಸಿದೀಯಲ್ಲ, ನೀನೇ ಹೇಳು ನೋಡೋಣ."

"ಕೇಳ್ಕೊಂಡು ಬರ್ತೀನಿ," ಎಂದ.

ಮರುದಿನ ವಾರ್ಡಿನ ಹಿರಿಯ ನರ್ಸನ್ನು ಹಿಡಿದು ಕೂರಿಸಿಕೊಂಡ.

"ನೋಡಿ ಅಣ್ಣ," ಎಂದಳು ಆಕೆ. "ಒಂದು ಜೀವಕೋಶ ಎರಡಾಗ್ಬೇಕಾದ್ರೆ ಮೊದಲು ಬೆಳೆಯುತ್ತೆ. ತನ್ನೊಳಗಿರೋ ಬರಹವನ್ನೆಲ್ಲ, ಡಿಎನ್ಎ ಅಂತಾರಲ್ಲ, ಅದನ್ನ ನಕಲು ಮಾಡ್ಕೊಳ್ಳುತ್ತೆ. ನಕಲು ಸರಿ ಇದ್ರೆ ಒಡೆದು ಎರಡಾಗುತ್ತೆ. ತಪ್ಪಿದ್ರೆ ಅಲ್ಲೇ ನಿಂತು ಸರಿಮಾಡ್ಕೊಳ್ಳುತ್ತೆ, ಆಗ್ದಿದ್ರೆ ತಾನೇ ಸಾಯುತ್ತೆ. ಕ್ಯಾನ್ಸರಿನಲ್ಲಿ ಆ ತಡೆಯೇ ಕೆಟ್ಟುಹೋಗಿರುತ್ತೆ. ತಪ್ಪನ್ನ ಹೊತ್ಕೊಂಡೇ ಕೋಶ ಒಡೀತಾ ಹೋಗುತ್ತೆ. ಗಡ್ಡೆ ತೆಗೆದ್ರೂ ಅಂಥ ನಾಲ್ಕು ಕೋಶ ಎಲ್ಲೋ ಉಳಿದಿರಬಹುದು."

"ಮತ್ತೆ ಕೂದಲು?"

"ಈ ಔಷಧಿ ಒಡೀತಿರೋ ಕೋಶಗಳನ್ನ ಹಿಡಿದು ಕೊಲ್ಲುತ್ತೆ. ಒಳ್ಳೇದು ಕೆಟ್ಟದ್ದು ಅಂತ ನೋಡಲ್ಲ. ಕೂದಲ ಬುಡದಲ್ಲಿ ಕೋಶಗಳು ಬಿಡುವಿಲ್ದೆ ಒಡೀತಿರ್ತವೆ. ನಿಮ್ಮ ಅಂಗಡಿ ನಡೀತಿರೋದೇ ಅವುಗಳಿಂದ ಅಲ್ವಾ! ಆದ್ರೆ ಒಳ್ಳೇ ಕೋಶಗಳು ಚೇತರಿಸ್ಕೊಳ್ತವೆ. ಮೂರು ವಾರ ಬಿಟ್ಟು ಬಿಟ್ಟು ಕೊಡೋದು ಅದಕ್ಕೇ."

ಸಂಜೆ ಹೊಲಿಗೆ ಮೆಶೀನಿನ ಪಕ್ಕ ಕೂತು ಅಷ್ಟನ್ನೂ ಅಕ್ಕನಿಗೆ ಒಪ್ಪಿಸಿದ. ಅಕ್ಕ ಮೆಶೀನು ತುಳಿಯುವುದನ್ನು ನಿಲ್ಲಿಸಿ ಕೇಳಿದಳು.

"ಅಂದ್ರೆ ಕೂದಲು ಉದುರಿದ್ರೆ ಕಾಯಿಲೆ ವಾಸಿಯಾಗ್ತಿದೆ ಅಂತಾನಾ?"

ಹೌದು ಎಂದುಬಿಡಲು ನಾಲಿಗೆ ತುದಿಗೆ ಬಂದಿತ್ತು. "ಇಲ್ಲಕ್ಕ. ಔಷಧಿ ಮೈಯಲ್ಲಿ ಓಡಾಡ್ತಿದೆ ಅಂತ ಅಷ್ಟೆ."

"ಸುಳ್ಳು ಹೇಳಿದ್ರೆ ಒದೀತಿದ್ದೆ ಕಣೋ," ಎಂದಳು ಅಕ್ಕ. ಸೋಮವಾರ ಔಷಧಿಗೆಂದು ಆಸ್ಪತ್ರೆಗೆ ಹೊರಟಳು.

ಹದಿನೆಂಟನೇ ದಿನ, ಕೂದಲು ಉದುರತೊಡಗಿದಾಗ, ಅಡುಗೆಮನೆಯ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಹೆಗಲಿಗೆ ಬಟ್ಟೆ ಹೊದಿಸಿದ. ಮೆಶೀನು ಎತ್ತಿಕೊಂಡು, ಮತ್ತೆ ಕೆಳಗಿಟ್ಟು, ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದ. "ಮೊದಲ ಸಲ ಕತ್ತರಿ ಹಿಡಿದವನ ಹಾಗೆ ಆಡ್ಬೇಡ," ಎಂದು ಅವಳೇ ಗದರಿದಳು. ಮುಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಅವಳ ಕತ್ತು ಒರೆಸಿದ.

ಆರು ಸಲದ ಔಷಧಿ ಮುಗಿದು ಕೂದಲು ಬಂತು, ಬೆಳ್ಳಗೆ, ಗುಂಗುರಾಗಿ. ಅಕ್ಕ ನಾಲ್ಕು ವರ್ಷ ಚೆನ್ನಾಗಿಯೇ ಇದ್ದು ಹೊಲಿದಳು. ಆಮೇಲೆ ಕಾಯಿಲೆ ಮೂಳೆಗೆ ಇಳಿಯಿತು. ಈ ಸಲ ಯಾವ ಔಷಧಿಯೂ ನಾಟಲಿಲ್ಲ. ಅವನು ಅಂಗಡಿಯನ್ನು ಜೊತೆಗಾರನಿಗೆ ಬಿಟ್ಟು ಎರಡು ತಿಂಗಳು ಅವಳ ಮಂಚದ ಪಕ್ಕ ಕೂತ. ಒಂದು ಮಧ್ಯಾಹ್ನ ಕಾಲೊತ್ತುತ್ತಿದ್ದಾಗ ಅವಳು, "ಸಾಕು, ಹೋಗಿ ಊಟ ಮಾಡು," ಎಂದಳು. ಅವನು ಉಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು.