ಡಿ ಒಳಗೆ ಇಟ್ಟದ್ದು

ಶಾರದಾ, ಅಂದು ನಿನ್ನ ನೆಟ್‌ಬುಕ್ಕಿನಲ್ಲಿದ್ದುದನ್ನೆಲ್ಲ ಅಳಿಸಿದವನು ನಾನು. ಕೆಟ್ಟದ್ದು ನಿನ್ನ ಕೈಯಿಂದಲ್ಲ — ನನ್ನ ಕೈಯಿಂದ. ಇಷ್ಟು ವರ್ಷ ಇದನ್ನು ಹೆಂಡತಿಗೂ ಹೇಳಿಲ್ಲ.

ಆಗ ನೀನು ಪಿಯುಸಿ. ಹಂಪಸಾಗರದ ಕಡೆಯ ಕುರಿಗಾರರ ಮನೆಯವಳು, ಹರಪನಹಳ್ಳಿಯಲ್ಲಿ ಹಾಸ್ಟೆಲ್ ಸೇರಿದ್ದೆ. ನಿನ್ನ ಮಾವ ಕೊಡಿಸಿದ ಪುಟ್ಟ ನೆಟ್‌ಬುಕ್ ಎದೆಗವಚಿಕೊಂಡು ನನ್ನ ಕಂಪ್ಯೂಟರ್ ಅಂಗಡಿಗೆ ಬಂದೆ.

"ಇದರಾಗ ಲಿನಕ್ಸ್ ಐತ್ರಿ ಸರ್. ಕನ್ನಡ ಟೈಪ್ ಮಾಡಾಕ, ಫೋಟೋ ಜೋಡ್ಸಾಕ ಯಾವ ಸಾಫ್ಟ್‌ವೇರ್ ಚಲೋ, ನೀವ ನೋಡಿ ಹಾಕಿಕೊಡ್ರಿ."

ಕಂಪ್ಯೂಟರ್ ನಡೆಸುವ ಮಾಮೂಲಿ ವ್ಯವಸ್ಥೆಯೊಂದೇ ನನಗೆ ಗೊತ್ತಿತ್ತು, ಲಿನಕ್ಸ್ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಮೆಕ್ಕೆಜೋಳದ ವ್ಯಾಪಾರಿಗಳಿಬ್ಬರು ಪ್ರಿಂಟಿಗಾಗಿ ಕಾದು ಕೂತಿದ್ದರು. ಅವರ ಬಾಯಲ್ಲಿ ನಾನು 'ಕೈಗುಣ ಚಲೋ ಇರೋ ಮನಷಾ'. ಆ ಹೆಸರಿನ ಮದ —

ಓದುವ ಮಕ್ಕಳಿಗೆ ಬೇಕಾದ ಸಾಫ್ಟ್‌ವೇರ್‌ಗಳೆಲ್ಲ ಒಟ್ಟಿಗೇ ಇರುವ ಬೇರೊಂದು ಲಿನಕ್ಸ್ ಯಾರೋ ಕೊಟ್ಟ ಪೆನ್‌ಡ್ರೈವಿನಲ್ಲಿತ್ತು. ಒಂದೊಂದಾಗಿ ಆರಿಸುವ ತಲೆನೋವೇ ಬೇಡ, ಫಾರ್ಮ್ಯಾಟ್ ಹೊಡೆದು ಅದನ್ನೇ ಹಾಕಿದರಾಯಿತು ಅಂದುಕೊಂಡೆ. ಫಾರ್ಮ್ಯಾಟ್ ಹೊಡೆದರೆ ಸಿ ಡ್ರೈವ್ ಹೋಗುತ್ತದೆ, ಡಿ ಡ್ರೈವ್ ಉಳಿಯುತ್ತದೆ — ಬೇಸಿಗೆ ರಜೆಗೆ ಅಂಗಡಿಯಲ್ಲೇ ನಡೆಸಿದ ಕಂಪ್ಯೂಟರ್ ಕ್ಲಾಸಿನಲ್ಲಿ ನಿಮಗೆಲ್ಲ ನಾನೇ ಕಲಿಸಿದ ಪಾಠವಲ್ಲವೇ ಅದು?

"ಬೇಕಾದ್ದೆಲ್ಲ ಡಿ ಒಳಗ ಇಟ್ಟೀಯಿಲ್ಲ ತಂಗಿ?"

"ಹೂಂ ರಿ ಸರ್, ಎಲ್ಲಾ ಡಿ ಒಳಗ ಐತ್ರಿ."

ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ನಾನು ಡಿ ಹುಡುಕಿದೆ. ಅಲ್ಲಿ ಸಿ ಇಲ್ಲ, ಡಿ ಇಲ್ಲ, ನನಗೆ ಅರ್ಥವಾಗುವ ಒಂದು ಹೆಸರೂ ಇಲ್ಲ. ನಿಲ್ಲಿಸಬಹುದಿತ್ತು — ನಿಲ್ಲಿಸಲೇಬೇಕಿತ್ತು.

"ಏನ್ರಿ, ಕೈ ನಿಂತುಬಿಡ್ತಲ್ಲ?" ಎಂದು ವ್ಯಾಪಾರಿಯೊಬ್ಬ ನಕ್ಕ. ನಾನು ಒತ್ತಿಬಿಟ್ಟೆ.

ಹೊಸ ಪರದೆ ಬಂದಾಗ ನೀನು ಬಗ್ಗಿ ನೋಡಿ ಮೆಲ್ಲಗೆ ಕೇಳಿದೆ, "ಸರ್, ನಾ ಮಾಡಿದ್ದ ಡಿ ಫೋಲ್ಡರ್ ಎಲ್ಲೈತ್ರಿ?" ಆಗಲೇ ನನಗೆ ಹೊಳೆದದ್ದು: ನಿನ್ನ ಡಿ, ಡ್ರೈವ್ ಅಲ್ಲ. ಲಿನಕ್ಸಿನಲ್ಲಿ ಡಿ ಕಾಣದೆ, ನನ್ನ ಪಾಠ ನಂಬಿ, ನೀನೇ ಒಂದು ಫೋಲ್ಡರು ಮಾಡಿ ಅದಕ್ಕೆ 'ಡಿ' ಎಂದು ಹೆಸರಿಟ್ಟಿದ್ದೆ. ಕಿವಿ, ಬಣ್ಣ, ನಡಿಗೆ ನೋಡಿ ನಿನ್ನ ಅಜ್ಜ ಕುರಿಗಳಿಗೆ ಇಡುತ್ತಿದ್ದ ಹೆಸರುಗಳು, ಒಂದೊಂದರ ಫೋಟೋ — ಹೊಸಪೇಟೆಯಲ್ಲಿ ನಡೆಯಲಿದ್ದ ವಿದ್ಯಾರ್ಥಿಗಳ ಸ್ಪರ್ಧೆಗೆಂದು ನೀನು ಒಬ್ಬಳೇ ಮಾಡಿದ ಕೆಲಸವೆಲ್ಲ ಅದರಲ್ಲಿತ್ತು. ಮುಂದೆ ಕಂಪ್ಯೂಟರನ್ನೇ ಓದುತ್ತೇನೆ ಅನ್ನುತ್ತಿದ್ದೆ ನೀನು.

ನಾನು ಹೇಳಿದ ಮಾತು ನಿನಗೆ ನೆನಪಿದೆ. ಅದು ನನಗೂ ಗೊತ್ತು.

"ಡಿಸ್ಕ್ ಮೊದ್ಲ ಕೆಟ್ಟಿತ್ತವ್ವ. ನೀನ ಏನೋ ಒತ್ತಿದಂಗ ಐತಿ. ಎಲ್ಲಾರ ಕೈಗುಣ ಒಂದ ಥರ ಇರಂಗಿಲ್ಲ."

ವ್ಯಾಪಾರಿಗಳು ತಲೆಯಾಡಿಸಿದರು. ನೀನು ಅಳಲಿಲ್ಲ. ಬಲಗೈಯನ್ನು ವೇಲಿನೊಳಗೆ ಮರೆಮಾಡಿ "ಬರ್ತೀನ್ರಿ ಸರ್" ಎಂದು ಹೊರಟೆ. ಹೊಸಪೇಟೆಗೂ ಹೋಗಲಿಲ್ಲ, ಕಂಪ್ಯೂಟರನ್ನೂ ಓದಲಿಲ್ಲ.

ಮೊನ್ನೆ ಮತ್ತೆ ಬಂದೆಯಲ್ಲ. ಈಗ ನೀಲಗುಂದದ ಕಡೆ ಟೀಚರು. ಕೈಯಲ್ಲಿ ನಿನ್ನ ವಿದ್ಯಾರ್ಥಿನಿಯೊಬ್ಬಳ ಹಳೆಯ ನೆಟ್‌ಬುಕ್ಕು.

"ಇದೂ ಲಿನಕ್ಸ ರಿ ಸರ್. ಹುಡುಗಿಗೆ ಉಪಯೋಗ ಆಗೋ ಸಾಫ್ಟ್‌ವೇರ್ ನೀವ ಆರಿಸಿ ಹಾಕ್ರಿ. ನಾ ಮುಟ್ಟಂಗಿಲ್ರಿ, ನನ್ನ ಕೈಗುಣ ಸರಿಯಿಲ್ಲ."

ನಗುತ್ತ ಅಂದೆ. ಅದು ನನ್ನ ಮಾತು ಶಾರದಾ, ಇಷ್ಟು ವರ್ಷ ನೀನು ಹೊತ್ತು ತಿರುಗಿದ್ದೀಯ. ನಾಚಿಕೆಯಿಂದ ನಿನ್ನ ಮುಖ ನೋಡಲಾಗಲಿಲ್ಲ.

ಈಗ ನನಗೆ ಲಿನಕ್ಸ್ ಗೊತ್ತು. ಕನ್ನಡ ಬರೆಯಲು ಯಾವುದು, ಚಿತ್ರ ಬಿಡಿಸಲು ಯಾವುದು, ಗಣಿತಕ್ಕೆ ಯಾವುದು — ಎಲ್ಲ ಗೊತ್ತು. ಆದರೂ ಆ ನೆಟ್‌ಬುಕ್ಕನ್ನು ತೆರೆದಿಲ್ಲ. ಶನಿವಾರ ಅದನ್ನು ಒಯ್ಯಲು ನೀನು ಬಂದಾಗ, ಅಂಗಡಿಯಲ್ಲಿ ಎಷ್ಟು ಜನರಿದ್ದರೂ ಸರಿ, ಅವರೆದುರೇ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನನ್ನ ಕುರ್ಚಿ ಬಿಟ್ಟುಕೊಡುತ್ತೇನೆ. ಆರಿಸುವವಳು ನೀನು, ಒತ್ತುವ ಕೈಯೂ ನಿನ್ನದೇ. ಕೂರದೆ ಹೊರಟುಹೋದರೆ — ತಡೆಯುವುದಿಲ್ಲ.