ಕಬ್ಬಿಣದ ಬುಟ್ಟಿಯ ರೆಕಾರ್ಡು

ಶುಕ್ರವಾರ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಫಜಲಪುರದ ಫೋಟೊ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಹೊಟ್ಟೆಪಾಡು. ಆವತ್ತು ಮಾತ್ರ ಒಂದು ಕಣ್ಣು ಮದುಮಕ್ಕಳ ಮೇಲೆ, ಇನ್ನೊಂದು ಫೋನಿನ ಮೇಲೆ. ಪರದೇಶದ ಪುಟ್ಟ ಕಂಪನಿಗಳು ಬ್ರೇಕ್‌ಬೀಟ್ ಸಂಗೀತದ ಹೊಸ ವಿನೈಲ್ ರೆಕಾರ್ಡುಗಳನ್ನು ಬಿಡುವ ದಿನ ಅದು. ಬ್ರೇಕ್‌ಬೀಟ್ ಎಂದರೆ ಬಡಿತವನ್ನು ತುಂಡು ಮಾಡಿ, ಹಿಂದುಮುಂದು ಮಾಡಿ, ಮತ್ತೆ ಜೋಡಿಸಿ ಕುಣಿಯುವುದಕ್ಕೆ ಕೊಡುವುದು. ಅಚ್ಚಾಗುವುದೇ ಕೆಲವು ನೂರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಖಾಲಿ. ಹಾಕಿ ಕೇಳುವ ಯಂತ್ರವೇ ನನ್ನಲ್ಲಿರಲಿಲ್ಲ. ಆದರೂ ಖಾಲಿ ಎಂದು ಕಂಡರೆ ಯಾರೋ ನನ್ನ ತಾಟಿನಿಂದ ರೊಟ್ಟಿ ಎತ್ತಿಕೊಂಡು ಹೋದ ಹಾಗೆ ಸಿಟ್ಟು ಬರುತ್ತಿತ್ತು.

ಫೋನಿನಲ್ಲೇ ಕೇಳಿ ಕೇಳಿ ನಾನೂ ಅಂಥ ಹಾಡು ಮಾಡತೊಡಗಿದೆ. ಅಪ್ಪ ಗೌಂಡಿ, ಮನೆ ಕಟ್ಟುವವನು. ಒಂದು ದಿನ ಅತನೂರಿನಲ್ಲಿ ಅವನ ಕೆಲಸದ ಜಾಗಕ್ಕೆ ಬುತ್ತಿ ಒಯ್ದಿದ್ದೆ. ಆಳಂದದಿಂದ ಬರಬೇಕಾದ ಬಾಗಿಲ ಚೌಕಟ್ಟು ಬಂದಿರಲಿಲ್ಲ. ಕಾಯುತ್ತ ಕೂತ ಅಪ್ಪ ಗಾರೆ ಬಳಿಯುವ ಕರಣಿಯ ಹಿಡಿಯಿಂದ ಬೋರಲು ಹಾಕಿದ ಕಬ್ಬಿಣದ ಬುಟ್ಟಿಯನ್ನು ಬಡಿಯುತ್ತಿದ್ದ. ಫೋನ್ ಮುಂದಿಟ್ಟೆ. ನಕ್ಕ, ನಿಲ್ಲಿಸಲಿಲ್ಲ. ಅದನ್ನೇ ಕತ್ತರಿಸಿ ಹಾಡು ಮಾಡಿ ಅಂಥದೊಂದು ಕಂಪನಿಗೆ ಕಳಿಸಿದೆ. ರೆಕಾರ್ಡು ಮಾಡುತ್ತೇವೆ ಎಂದರು! ನಾನು ಸ್ಟುಡಿಯೊದ ಹಿಂದೆ ಹೋಗಿ ಒಬ್ಬಳೇ ಕುಣಿದೆ.

ಬಾರಿಸಿದವರು ಯಾರು ಎಂದು ಅವರು ಕೇಳಿದ್ದರು. ನಮ್ಮಪ್ಪ, ಹರೆಯದಲ್ಲಿ ಹಲಗೆ ಬಾರಿಸುತ್ತಿದ್ದ, ಆಮೇಲೆ ಬಿಟ್ಟ ಎಂದು ಬರೆದಿದ್ದೆ. ಬಿಟ್ಟದ್ದು ಕೈಲಾಗದೆ ಅಲ್ಲ. ಊರವರು ಕರೆದಾಗ ಹೋಗಲೇಬೇಕಿತ್ತು, ಹೆಣದ ಮುಂದೆಯೂ ಮೆರವಣಿಗೆಯ ಮುಂದೆಯೂ. ನಿನಗೆ ಮನಸ್ಸಿದೆಯೇ ಎಂದು ಕೇಳಿದವರಿಲ್ಲ. ಬೌದ್ಧನಾದ ಮೇಲೆ ಅದನ್ನು ಮುಟ್ಟಲಿಲ್ಲ, ಮನೆಯಲ್ಲಿ ಅದರ ಮಾತನ್ನೂ ಆಡಲಿಲ್ಲ. ಇಷ್ಟನ್ನೂ ಬರೆದಿದ್ದೆ. ಅವರ ಕಣ್ಣಿಗೆ ಹಲಗೆಯೊಂದೇ ಬಿತ್ತು.

ರೆಕಾರ್ಡಿನ ಮಾದರಿ ತಟ್ಟೆ ಅಂಚೆಯಲ್ಲಿ ಬಂತು. ಕೇಳಿ ಒಪ್ಪಿಗೆ ಕೊಟ್ಟರೆ ಅಚ್ಚು, ತಡವಾದರೆ ನಮ್ಮ ಸರದಿ ಬೇರೆಯವರಿಗೆ. ಅದೇ ದಿನ ಫೋನಿಗೆ ರೆಕಾರ್ಡಿನ ಹೊರರಟ್ಟಿನ ಚಿತ್ರವೂ ಬಂತು: ಎಲ್ಲಿಂದಲೋ ತಂದ ಹಲಗೆಯ ಫೋಟೊ, ಕೆಳಗೆ ‘ಹಳ್ಳಿಯ ಪಾರಂಪರಿಕ ಹಲಗೆ ವಾದಕ’ ಎಂಬರ್ಥದ ಸಾಲು. ಮೈಯೆಲ್ಲ ಉರಿಯಿತು. ಬೇಡ ಎಂದರೆ ರೆಕಾರ್ಡೇ ಕೈ ತಪ್ಪೀತೆಂದು ಹೆದರಿಕೆ. ಸರಿ ಎಂದರೆ ಅಪ್ಪನಿಗೆ ಹೇಗೆ ಮುಖ ತೋರಿಸಲಿ?

ಜೇವರ್ಗಿಯಲ್ಲಿ ಹಿಂದೆ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದ ಮುದುಕರ ಹತ್ತಿರ ಹಳೆಯ ಪ್ಲೇಯರ್ ಇದೆ ಎಂದು ಅಪ್ಪನೇ ನೆನಪು ಮಾಡಿ ನನ್ನ ಜೊತೆ ಹೊರಟ. ಬಸ್ಸಿನುದ್ದಕ್ಕೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಚಿತ್ರದ ಸುದ್ದಿ ಬಾಯಿಗೆ ಬಂದು ಬಂದು ಒಳಗೇ ಹೋಯಿತು.

ಮುದುಕರು ಕಣ್ಣು ಕಿರಿದು ಮಾಡಿ ಅಪ್ಪನನ್ನು ನೋಡಿ, ಖುಷಿಯಿಂದಲೇ ಕೂಗಿದರು: “ಏನ್ಲೇ ಹಲಗಿ, ಎಷ್ಟ್ ವರ್ಷಾತು ನೋಡಿ!”

“ಹೌದ್ರಿ, ಭಾಳ ವರ್ಷಾತ್ರಿ,” ಎಂದ ಅಪ್ಪ.

ಸೂಜಿ ಇಳಿಯಿತು. ಮೊದಲು ಚರಚರ, ಆಮೇಲೆ ಬುಟ್ಟಿಯ ಬಡಿತ ಕೋಣೆಯ ತುಂಬ. ನಾನು ಹಾಡು ಕೇಳಲೇ ಇಲ್ಲ, ಅಪ್ಪನ ಮುಖ ನೋಡುತ್ತಿದ್ದೆ. ಅವನು ತಿರುಗುವ ತಟ್ಟೆಯನ್ನು ನೋಡುತ್ತಿದ್ದ. ಮುಗಿದಾಗ ಮುದುಕರು ಅವನ ಬೆನ್ನು ತಟ್ಟಿ, “ಹಲಗಿ ಕೈ ಹಲಗಿದೇ ಬಿಡು,” ಎಂದರು. ನನಗೆ ತಡೆಯಲಾಗಲಿಲ್ಲ, ತಟ್ಟೆ ಎತ್ತಿಕೊಂಡು ಹೊರಬಿದ್ದೆ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಅಪ್ಪನಿಗೆ ಫೋನ್ ತೆಗೆದು ಚಿತ್ರ ತೋರಿಸಿದೆ. ಸಾಲಿನ ಅರ್ಥವನ್ನೂ ಹೇಳಿದೆ. ಅಪ್ಪ ಫೋನ್ ಇಸಿದುಕೊಂಡು ಕಣ್ಣ ಹತ್ತಿರ ಹಿಡಿದ.

“ಇದು ನಾ ಅಲ್ಲಲಾ.”

“ಬ್ಯಾಡ ಅಂತ ಬರೀತೇನಪ್ಪಾ. ರೆಕಾರ್ಡ್ ಹೋದ್ರ ಹೋಗ್ಲಿ.”

“ಹಾಡ ಯಾಕ್ ಬ್ಯಾಡ? ಅದು ನಂದದ. ಯಾರೂ ಕರದಿದ್ದಿಲ್ಲ, ನನ್ನ ಮನಸಿಗಿ ಬಂದು ಬಡದೇನಿ.” ಫೋನನ್ನು ನನ್ನ ಕಡೆ ತಳ್ಳಿದ. “ಚಿತ್ರ ತೆಗಿ ಅನ್ನು. ಅಲ್ಲಿ ನನ್ನ ಹೆಸರ ಹಾಕ್ಸು.”

“ಬರೇ ಹೆಸರಾ?”

“ಪೂರಾ ಹೆಸರ, ಯವ್ವಾ. ನಮ್ಮಪ್ಪನ ಹೆಸರ, ಮನಿತನದ ಹೆಸರ, ಎಲ್ಲಾ. ಅಷ್ಟ್ ವರ್ಷ ಬಾರ್ಸೀನಿ. ಆ ಮೈಕ್‌ಸೆಟ್‌ನವ್ರಿಗಿ ನನ್ನ ಹೆಸರ ಇವತ್ತಿಗೂ ಗೊತ್ತಿಲ್ಲ.”

ಅಲ್ಲೇ ನಿಂತು ಅಪ್ಪನ ಪೂರಾ ಹೆಸರು ಬರೆದು, ಮುಂದೆ ಟೈಪ್ ಮಾಡಿದೆ: ರಟ್ಟಿನ ಮೇಲೆ ಈ ಹೆಸರೊಂದೇ ಇರಬೇಕು, ಇಲ್ಲವೆಂದರೆ ಅಚ್ಚು ಬೇಡ. ನಮ್ಮ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಅಪ್ಪ ಏಳಲಿಲ್ಲ. ಕಳಿಸುವ ಮೊದಲು ಗಟ್ಟಿಯಾಗಿ ಓದು ಎಂದ. ಓದಿದೆ.

“ಇನ್ನೊಮ್ಮಿ ಓದು,” ಎಂದ.