ದೊಡ್ಡ ಟೀಚರ್ ಹಣೆ ಮುಟ್ಟಿದ ಮಕ್ಕಳು

ದೊಡ್ಡ ಟೀಚರ್ ಕೈಗೆ ಆ ಬೀದಿಗಳಲ್ಲಿ ಒಳ್ಳೆಯ ಹೆಸರಿತ್ತು. ಥರ್ಮಾಮೀಟರ್ ಬೇಕಾದರೆ ತಪ್ಪು ಹೇಳಬಹುದು, ಅವರ ಅಂಗೈ ಹೇಳುವುದಿಲ್ಲ ಎಂದು ತಾಯಂದಿರು ನಂಬಿದ್ದರು. ಮಗುವಿನ ಹಣೆ ಮುಟ್ಟಿ, ಅರೆಗಳಿಗೆ ಕಣ್ಣು ಮುಚ್ಚಿ, "ಸ್ವಲ್ಪ ಬೆಚ್ಚಗಿದೆ ಮರಿ, ಮನೆಗೆ ಹೋಗಿ ಮಲ್ಕೋ" ಎಂದರೆ ಮುಗಿಯಿತು, ಮನೆಯಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಈ ವಿದ್ಯೆ ಅವರಿಗೆ ಅಮ್ಮನಿಂದ ಬಂದದ್ದು. ಅಮ್ಮ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಹಣೆ ಮುಟ್ಟಿದರೆ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತಂತೆ. ಅಂಥ ಕೈಯನ್ನು ಮಗಳು ಎಂಥ ಕೆಲಸಕ್ಕೆ ಹಚ್ಚಿದರು ಎಂದು ಹೇಳಬೇಕಾದರೆ ಮೊದಲು ಆ ಶಾಲೆಯ ಕಷ್ಟ ಹೇಳಬೇಕು. ಕಷ್ಟ ಹೇಳಿದ ಮಾತ್ರಕ್ಕೆ ತಪ್ಪು ಸಣ್ಣದಾಗುತ್ತದೆ ಅಂತೇನಲ್ಲ.

ಅದು ಸರ್ಕಾರಿ ಪ್ರಾಥಮಿಕ ಶಾಲೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳು ವರಾಂಡದಲ್ಲೂ ಕೂರುತ್ತಿದ್ದರು, ಮೂಲೆಯ ಮರದ ಕೆಳಗೂ ಒಂದು ತರಗತಿ ನಡೆಯುತ್ತಿತ್ತು. ಆಮೇಲೆ ಮುಖ್ಯರಸ್ತೆಯಲ್ಲಿ ಖಾಸಗಿ ಶಾಲೆ ಬಂತು, ಅದರ ಹಳದಿ ವ್ಯಾನು ಬಂತು, ವ್ಯಾನಿನ ಹಿಂದೆಯೇ ಶೂ, ಟೈ, ಬಣ್ಣಬಣ್ಣದ ಬ್ಯಾಗು ಎಲ್ಲವೂ ಬಂದವು. ಒಂದೊಂದೇ ಮನೆ ಆ ಕಡೆ ವಾಲಿತು. ವರಾಂಡ ಖಾಲಿಯಾಯಿತು, ಆಮೇಲೆ ಒಂದು ಕೋಣೆಯೂ ಖಾಲಿಯಾಯಿತು. ಆ ಕೋಣೆಯಲ್ಲಿ ಈಗ ಕಾಲು ಮುರಿದ ಬೆಂಚುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಇಲಾಖೆಯ ಲೆಕ್ಕ ಬಹಳ ನೇರ. ಮಕ್ಕಳು ಕಡಿಮೆಯಾದರೆ ಟೀಚರ್ ಕಡಿಮೆ. ಟೀಚರ್ ಕಡಿಮೆಯಾದರೆ ಪಾಠ ಕಡಿಮೆ, ಪಾಠ ಕಡಿಮೆಯಾದರೆ ಫಲಿತಾಂಶ ಕಡಿಮೆ, ಫಲಿತಾಂಶ ಕಡಿಮೆಯಾದರೆ ಮತ್ತೆ ಮಕ್ಕಳು ಕಡಿಮೆ. ಈ ಗಾಣಕ್ಕೆ ಕಟ್ಟಿದ ಎತ್ತು ದೊಡ್ಡ ಟೀಚರ್.

ರಜೆ ಮುಗಿಯುತ್ತ ಬಂದಾಗ ಅವರು ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆ ತಿರುಗುತ್ತಿದ್ದರು. ಚುನಾವಣೆಗೆ ನಿಂತವರು ಒಂದು ಸಲ ಗೆದ್ದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಇವರಿಗೆ ವರ್ಷವರ್ಷವೂ ಚುನಾವಣೆ. ಇವರು ಬರುವುದನ್ನು ಕಂಡು ಕೆಲವರು ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದರು. "ಒಳಗಿದ್ದೀಯ ಅಂತ ಗೊತ್ತು ಕಣಮ್ಮ, ಕುಕ್ಕರ್ ಕೂಗ್ತಾ ಇದೆ" ಎಂದು ಇವರು ಹೊರಗಿನಿಂದಲೇ ಹೇಳುತ್ತಿದ್ದರು. ಬೀದಿನಾಯಿಗಳು ಕೂಡ ಅವರನ್ನು ಕಂಡರೆ ಬೊಗಳುವುದನ್ನು ಬಿಟ್ಟಿದ್ದವು.

ವರ್ಷದ ಕೊನೆಗೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಓದಿಸುತ್ತಿದ್ದರು. ಬಂದ ಮಕ್ಕಳಲ್ಲಿ ಎಷ್ಟು ಮಂದಿ ಓದಿದರು ಎಂಬುದರ ಮೇಲೆ ಶಾಲೆಯ ದರ್ಜೆ. ಒಂದು ವರ್ಷ ದರ್ಜೆ ಬಿತ್ತು, ಅದರ ಬೆನ್ನಿಗೇ ಜೊತೆಯ ಟೀಚರ್ ವರ್ಗವಾಗಿ ಹೋದರು. ಹುದ್ದೆ ಕಾಗದದ ಮೇಲೆ ಉಳಿಯಿತು, ಕುರ್ಚಿ ಖಾಲಿಯಾಯಿತು. ದೊಡ್ಡ ಟೀಚರ್ ಒಬ್ಬರೇ ಎರಡು ಕೋಣೆಗೂ ಓಡಾಡುತ್ತಿದ್ದರು. ಇಲ್ಲಿ ಮಗ್ಗಿ ಹೇಳಿಕೊಟ್ಟು ಅಲ್ಲಿಗೆ ಹೋಗುವಷ್ಟರಲ್ಲಿ ಇಲ್ಲಿ ಕುಸ್ತಿ ಶುರುವಾಗಿರುತ್ತಿತ್ತು. ಹೀಗೆ ಓಡಾಡಿಕೊಂಡು ಎಲ್ಲ ಮಕ್ಕಳಿಗೂ ಓದು ಕಲಿಸುವುದು ಆಗದ ಮಾತು ಎಂದು ಗೊತ್ತಾದಾಗ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. ಆ ದಿನ ಬಾರದ ಮಗು ಲೆಕ್ಕಕ್ಕೇ ಬರುವುದಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವರು ಬೆಂಚುಗಳ ನಡುವೆ ನಿಧಾನವಾಗಿ ನಡೆದರು. ಓದಲು ತಡವರಿಸುವ ಮಕ್ಕಳ ಹತ್ತಿರ ನಿಂತು ಹಣೆ ಮುಟ್ಟಿದರು. "ಬೆಚ್ಚಗಿದೆ ಮರಿ. ನಾಳೆ ಬರಬೇಡ, ಮಲ್ಕೋ." ಗದರಲಿಲ್ಲ, ದಡ್ಡ ಎನ್ನಲಿಲ್ಲ. ಎಷ್ಟು ಅಕ್ಕರೆಯಿಂದ ಮಾಡಿದರೆಂದರೆ ಆ ಗಳಿಗೆಯಲ್ಲಿ ಅವರಿಗೇ ಅದು ಮೋಸ ಎನ್ನಿಸಲಿಲ್ಲ. ಎನ್ನಿಸಿದ್ದು ಮನೆಗೆ ಹೋದ ಮೇಲೆ. ಗಂಡ "ಯಾಕೋ ಮೈ ಬಿಸಿ ಇದೆಯಾ ನೋಡು" ಎಂದು ಹಣೆ ಒಡ್ಡಿದಾಗ, "ಥರ್ಮಾಮೀಟರ್ ಇದೆಯಲ್ಲ, ಇಟ್ಕೊಳ್ಳಿ" ಎಂದು ಆ ಕಡೆ ತಿರುಗಿಬಿಟ್ಟರು.

ಗುಬ್ಬಿಯನ್ನು ಶಾಲೆಗೆ ತಂದವರೂ ಅವರೇ. ಗುಬ್ಬಿ ಅಂದರೆ ಇಸ್ತ್ರಿ ಅಂಗಡಿಯವಳ ಮಗಳು. ಸಣ್ಣ ಮೈ, ಪುಟ್ಟ ಹೆಜ್ಜೆ, ಕೂತಲ್ಲಿ ಕೂರದ ಸ್ವಭಾವ, ಹಾಗಾಗಿ ಬೀದಿಯೇ ಇಟ್ಟ ಹೆಸರು ಅದು. ಆ ವರ್ಷ ಖಾಲಿ ಕುರ್ಚಿಯ ಹುದ್ದೆ ರದ್ದಾಗದೆ ಉಳಿಯಬೇಕಾದರೆ ಇನ್ನೊಂದು ಮಗು ಬೇಕೇ ಬೇಕಿತ್ತು. ದೊಡ್ಡ ಟೀಚರ್ ಇಸ್ತ್ರಿ ಅಂಗಡಿಯ ಮುಂದೆ ಬಿಡಾರ ಹೂಡಿದರು.

ತಾಯಿ ಬಟ್ಟೆಗೆ ನೀರು ಚಿಮುಕಿಸುತ್ತ, "ನಿಮ್ಮ ಸ್ಕೂಲಲ್ಲಿ ಟೀಚರೇ ಇಲ್ಲವಂತಲ್ಲ ಟೀಚರಮ್ಮ?" ಎಂದಳು.

"ಮತ್ತೆ ನಾನೇನು ಗೊಂಬೆನಾ? ಕಳಿಸಿ ನೋಡು ತಾಯಿ. ನಿನ್ನ ಮಗಳಿಗೆ ಓದೋಕೆ ಕಲಿಸೋ ಜವಾಬ್ದಾರಿ ನಂದು."

ಆ ಮಾತು ನಂಬಿ ಅವಳು ಕಳಿಸಿದಳು. ಗುಬ್ಬಿಗೆ ಶಾಲೆ ಅಂದರೆ ಪ್ರಾಣ, ಆದರೆ ಅಕ್ಷರ ಮಾತ್ರ ಹತ್ತಲಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುವವರಿದ್ದರೆ ತಾನೇ ಹತ್ತುವುದು? ತಲೆ ಎಣಿಸುವಾಗ ಬೇಕಾದ ಗುಬ್ಬಿ ಓದಿಸುವಾಗ ಬೇಡವಾದಳು. ಎರಡು ವರ್ಷ, ಎರಡು ಸಲ, ಪರೀಕ್ಷೆಯ ಮುನ್ನಾದಿನ ಅವಳ ಹಣೆ ಬೆಚ್ಚಗಾಯಿತು. ತಾಯಿ ಅಂಗಡಿ ಮುಚ್ಚಿ, ಗಿರಾಕಿಗಳ ಕೈಲಿ ಬೈಸಿಕೊಂಡು, ದಿನವಿಡೀ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಆಮೇಲೆ ಶಾಲೆಗೇ ಬಂದು, "ಹೆತ್ತ ನನಗೇ ಗೊತ್ತಾಗಲಿಲ್ಲ ಟೀಚರಮ್ಮ, ನಿಮಗೆ ಗೊತ್ತಾಯ್ತು ನೋಡಿ" ಎಂದು ಕೈ ಮುಗಿದಳು. ಅಂದಿನಿಂದ ದೊಡ್ಡ ಟೀಚರ್ ಬಟ್ಟೆಗಳಿಗೆ ಅಂಗಡಿಯಲ್ಲಿ ಮೊದಲ ಸರದಿ. ಮಡಿಕೆ ಮಡಿಕೆ ಎದ್ದು ಕಾಣುವ ಆ ಗರಿಗರಿ ಬಟ್ಟೆ ಉಟ್ಟಾಗಲೆಲ್ಲ ಅವರಿಗೆ ಮೈಯೆಲ್ಲ ಚುಚ್ಚಿದಂತಾಗುತ್ತಿತ್ತು. ಉಡುವುದನ್ನು ಬಿಡಲಿಲ್ಲ, ಹಣೆ ಮುಟ್ಟುವುದನ್ನೂ ಬಿಡಲಿಲ್ಲ.

ಮೂರನೆಯ ವರ್ಷ ಆ ಖಾಲಿ ಕುರ್ಚಿಗೆ ಒಬ್ಬಳು ಬಂದಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಒಂದು ವರ್ಷಕ್ಕೆ ಮಾತ್ರ ಎಂಬ ಆದೇಶದ ಮೇಲೆ ಬಂದವಳು. ಮಕ್ಕಳು ಅವಳನ್ನು ಚಿಕ್ಕ ಟೀಚರ್ ಎಂದರು. ಗುಬ್ಬಿಯ ಪಕ್ಕದಲ್ಲಿ ಕೂತವಳು ಅವಳು. ಪುಸ್ತಕ ಹಿಡಿಸಿ ಸಾಕಾಗಿ, ಕೊನೆಗೆ ಅಂಗಡಿಯ ಬಟ್ಟೆಗಂಟುಗಳಿಗೆ ಸಿಕ್ಕಿಸಲು ಗಿರಾಕಿಗಳ ಹೆಸರು ಬರೆದು ಅಮ್ಮನಿಗೆ ಕೊಡು ಎಂದಳು. ಅಲ್ಲಿಯವರೆಗೆ ತಾಯಿ ಗುಂಡಿ, ಕಲೆ, ಹರಿದ ಜೇಬು ನೋಡಿ ಗಂಟು ಗುರುತಿಸುತ್ತಿದ್ದಳು. ಮಗಳು ಬರೆದ ಚೀಟಿಯಿಂದಾಗಿ ಡಾಕ್ಟರರ ಪ್ಯಾಂಟು ಒಮ್ಮೆ ಬಸ್ ಡ್ರೈವರನ ಮನೆಗೆ ಹೋಯಿತು ನಿಜ, ಆದರೆ ವರ್ಷ ಮುಗಿಯುವ ಹೊತ್ತಿಗೆ ಗುಬ್ಬಿ ಬರೆದದ್ದನ್ನೆಲ್ಲ ಓದುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಚಿಕ್ಕ ಟೀಚರ್ ಬಾಗಿಲಲ್ಲಿ ನಿಂತು ಹೇಳಿದಳು: "ಮೇಡಂ, ಈ ಸಲ ಗುಬ್ಬಿ ಓದ್ತಾಳೆ. ಅವಳ ಹಣೆ ಮುಟ್ಟಬೇಡಿ."

ದೊಡ್ಡ ಟೀಚರ್ ಗಕ್ಕನೆ ತಿರುಗಿದರು. "ನಿನಗೆ ಯಾರು ಹೇಳಿದ್ರು?"

"ಮಕ್ಕಳಿಗೆಲ್ಲ ಗೊತ್ತಿದೆ ಮೇಡಂ."

"ಅವಳು ಅಲ್ಲಿ ತಡವರಿಸಿ ದರ್ಜೆ ಬಿದ್ರೆ ಹೋಗೋದು ನಿನ್ನ ಕೆಲಸಾನೇ, ಗೊತ್ತಾ?"

"ಗೊತ್ತು. ನನಗೂ ಭಯಾನೇ. ಆದ್ರೂ ಅವಳು ಓದ್ಲಿ ಮೇಡಂ."

ದೊಡ್ಡ ಟೀಚರ್ ಆಗಲಿ ಎಂದರು. ಆ ಸಂಜೆ ಬೆಂಚುಗಳ ನಡುವೆ ನಡೆದರು, ಹಿಂದಿನ ಸಾಲಿನ ಇಬ್ಬರ ಹಣೆ ಮುಟ್ಟಿದರು, ಗುಬ್ಬಿಯನ್ನು ದಾಟಿ ಮುಂದೆ ಹೋದರು. ಮೋಸದಲ್ಲಿ ಒಂದು ಪಾಲು ಬಿಟ್ಟಿದ್ದಕ್ಕೆ ಪೂರ್ತಿ ಪುಣ್ಯ ಬಂದವರಂತೆ ಹಗುರಾಗಿ ಮನೆಗೆ ಹೋದರು. ಗುಬ್ಬಿ ತಮ್ಮನ್ನೇ ನೋಡುತ್ತಿದ್ದದ್ದು ಅವರ ಗಮನಕ್ಕೆ ಬರಲಿಲ್ಲ.

ಬೆಳಗ್ಗೆ ಗುಬ್ಬಿಯ ಜಾಗ ಖಾಲಿ. ಚಿಕ್ಕ ಟೀಚರ್ ನೋಡಿದ ನೋಟಕ್ಕೆ ದೊಡ್ಡ ಟೀಚರ್ ತಾವಾಗಿಯೇ, "ಇಲ್ಲ ಕಣೇ, ಆಣೆ ಮಾಡ್ತೀನಿ, ಮುಟ್ಟಿಲ್ಲ" ಎಂದರು. ಇನ್‌ಸ್ಪೆಕ್ಟರ್ ಬರಲು ಇನ್ನೂ ಹೊತ್ತಿತ್ತು. ಚಪ್ಪಲಿ ಮೆಟ್ಟಿ ಓಡಿದರು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಹಿಂದಿನ ಕೋಣೆಯಲ್ಲಿ ಗುಬ್ಬಿ ಕುತ್ತಿಗೆಯವರೆಗೆ ಹೊದ್ದು ಮಲಗಿದ್ದಳು, ಹಣೆಯ ಮೇಲೆ ಒದ್ದೆ ಬಟ್ಟೆ. ತಾಯಿ ಗಡಬಡಿಸಿ ಎದ್ದಳು. "ಬನ್ನಿ ಟೀಚರಮ್ಮ, ನೋಡೋಕೆ ನೀವೇ ಬಂದ್ರಾ? ನೀವು ಹೇಳಿ ಕಳಿಸಿದ ಹಾಗೇ ಮಲಗಿಸಿದ್ದೀನಿ."

"ನಾನು ಹೇಳಿ ಕಳಿಸಿದ್ನಾ?"

ಗುಬ್ಬಿ ಹೊದಿಕೆಯ ಒಳಗಿನಿಂದಲೇ ಅವರ ಕೈ ಹಿಡಿದು ಜಗ್ಗಿ, ಪಿಸುಗುಟ್ಟಿದಳು. "ನೀವು ಮರೆತುಬಿಟ್ರಿ ಟೀಚರ್. ಅವರಿಬ್ಬರಿಗೂ ಹೇಳಿದ್ರಿ, ನನಗೆ ಹೇಳೋದು ಮರೆತ್ರಿ. ಅದಕ್ಕೆ ನಾನೇ ಅಮ್ಮಂಗೆ ಹೇಳ್ದೆ. ನಾನು ಬಂದ್ರೆ ನಮ್ಮ ಸ್ಕೂಲ್ ಮುಚ್ಚಿಬಿಡ್ತಾರಲ್ಲ?"

ದೊಡ್ಡ ಟೀಚರ್‌ಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ಪುಟ್ಟ ಮಗು ಶಾಲೆಯನ್ನು ತಲೆಯ ಮೇಲೆ ಹೊತ್ತು ಮಲಗಿದೆ, ಹೊರಿಸಿದವಳು ತಾನು. ಆ ಒದ್ದೆ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, ತಾಯಿಯ ಕಡೆ ತಿರುಗಿ, ಒಂದೇ ಉಸಿರಿಗೆ ಹೇಳಿಬಿಟ್ಟರು. "ಇವಳಿಗೆ ಜ್ವರ ಇಲ್ಲ ಕಣಮ್ಮ. ಯಾವತ್ತೂ ಇರಲಿಲ್ಲ. ಓದೋಕೆ ಬರಲ್ಲ ಅನ್ನೋ ಕಾರಣಕ್ಕೆ ನಾನೇ ಜ್ವರ ಅಂತ ಸುಳ್ಳು ಹೇಳಿ ಮನೇಲಿ ಕೂರಿಸ್ತಾ ಇದ್ದೆ."

"ಹೋದ ವರ್ಷ?"

"ಹೂಂ."

"ಅದಕ್ಕೂ ಮೊದಲು?"

"ಆಗಲೂ ಅಷ್ಟೇ."

ಬೈದರೆ ಬೈಸಿಕೊಳ್ಳಲು ಅವರು ತಯಾರಾಗಿ ನಿಂತಿದ್ದರು. ತಾಯಿ ಬೈಯಲಿಲ್ಲ. ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು.

"ನನಗೆ ತಣ್ಣಗೇ ಅನ್ನಿಸ್ತಿತ್ತು," ಎಂದಳು. "ದಿನಾ ಕಾದ ಕಬ್ಬಿಣ ಹಿಡಿದೂ ಹಿಡಿದೂ ಕೈ ದಡ್ಡುಗಟ್ಟಿದೆ, ಮಗಳ ಜ್ವರಾನೂ ಗೊತ್ತಾಗದಷ್ಟು ಕೆಟ್ಟಿದೆ ನನ್ನ ಕೈ ಅಂದ್ಕೊಂಡಿದ್ದೆ."

ಮಗಳನ್ನು ಎಬ್ಬಿಸಿ ಮುಖ ತೊಳೆದಳು, ಗೂಟದಲ್ಲಿದ್ದ ಸಮವಸ್ತ್ರ ತೊಡಿಸಿದಳು. "ಮೊದಲು ಕರ್ಕೊಂಡು ಹೋಗಿ. ಜಗಳ ಆಮೇಲೆ ಆಡೋಣ."

ಇನ್‌ಸ್ಪೆಕ್ಟರ್ ಬಂದು ಕೂತಾಗಿತ್ತು. ಕನ್ನಡಕ ಮೂಗಿನ ತುದಿಗೆ ಇಳಿದಿದ್ದ, ಬೇಗ ಮುಗಿಸಿ ಹೊರಡುವ ಆತುರದ ಮನುಷ್ಯ. ಗುಬ್ಬಿಯ ಸರದಿ ಬಂತು. ಆಮೆಯೊಂದು ಕೆರೆ ದಾಟುವ ಕಥೆ. ಗುಬ್ಬಿಯೂ ಆಮೆಯ ಹಾಗೇ ಹೊರಟಳು, ಒಂದು ಅಕ್ಷರ, ಇನ್ನೊಂದು ಅಕ್ಷರ, ಆಮೇಲೆ ಒಂದು ಪೂರ್ತಿ ಸಾಲು. ಗೋಡೆಗೆ ಒರಗಿದ್ದ ಚಿಕ್ಕ ಟೀಚರ್ ತುಟಿ ಅವಳ ಜೊತೆಯೇ ಅಲ್ಲಾಡುತ್ತಿತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ದೊಡ್ಡ ಟೀಚರ್‌ಗೆ ಹಿಗ್ಗು ಉಕ್ಕಿ ಬಂತು. ತಡೆಯಲಾರದೆ ಮುಂದೆ ಬಂದು, ಶಭಾಷ್ ಎನ್ನುವಂತೆ ಹುಡುಗಿಯ ತಲೆಯ ಮೇಲೆ ಕೈ ಇಟ್ಟರು. ಬೆರಳು ಹಣೆಗೆ ತಾಗಿತು.

ಗುಬ್ಬಿಯ ಓದು ಅಲ್ಲಿಗೇ ನಿಂತಿತು. ಪುಸ್ತಕ ಮುಚ್ಚಿದಳು, ಬೆಂಚಿನ ಕೆಳಗಿನಿಂದ ಚೀಲ ಎಳೆದು ಹೆಗಲಿಗೇರಿಸಿದಳು. "ಹೋಗ್ಲಾ ಟೀಚರ್?"

"ಯಾಕೆ, ಎಲ್ಲಿಗೆ ಹೊರಟಳು?" ಎಂದರು ಇನ್‌ಸ್ಪೆಕ್ಟರ್. "ಅಲ್ಲಿ ಇನ್ನೆರಡು ಜಾಗ ಬೇರೆ ಖಾಲಿ ಇದೆ. ಅವರಿಗೇನಾಗಿದೆ?"

ಜ್ವರ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ವರ್ಷವರ್ಷವೂ ಹೇಳಿ ನುಣುಪಾದ ಮಾತು, ತಾನಾಗಿಯೇ ಜಾರುತ್ತಿತ್ತು. ತರಗತಿಯ ಮಕ್ಕಳೆಲ್ಲ ತಲೆ ತಗ್ಗಿಸಿ ಕೂತಿದ್ದರು. ತಾವು ಹೇಳುವ ಸುಳ್ಳಿಗೆ ಅಷ್ಟು ಮಕ್ಕಳು ಸಾಕ್ಷಿಯಾಗಿ ನಾಚಿಕೊಂಡು ಕೂತದ್ದನ್ನು ದೊಡ್ಡ ಟೀಚರ್ ಆ ದಿನ ಮೊದಲ ಸಲ ಕಂಡರು.

"ಏನೂ ಆಗಿಲ್ಲ ಸಾರ್. ಓದೋಕೆ ಬರದ ಮಕ್ಕಳಿಗೆ ಜ್ವರ ಅಂತ ಹೇಳಿ ನಾನೇ ಮನೆಗೆ ಕಳಿಸ್ತಿದ್ದೆ. ಇವಳೂ ಅದನ್ನೇ ಅಂದ್ಕೊಂಡಳು. ಅವರಿಬ್ಬರನ್ನೂ ಈಗಲೇ ಕರೆಸ್ತೀನಿ." ಹಾಗೆಂದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಕೂತ್ಕೋ ಮರಿ. ಪೂರ್ತಿ ಓದು" ಎಂದರು.

ಗುಬ್ಬಿ ಪೂರ್ತಿ ಓದಿದಳು, ಒಂದೆರಡು ಕಡೆ ಮಾತ್ರ ತೊದಲಿ. ಕರೆಸಿದ ಇಬ್ಬರು ಒಂದು ಸಾಲೂ ದಾಟಲಿಲ್ಲ. ದರ್ಜೆ ಇಳಿಯಿತು. ದೊಡ್ಡ ಟೀಚರ್‌ಗೆ ಇಲಾಖೆಯಿಂದ ಕಟುವಾದ ಎಚ್ಚರಿಕೆ ಬಂತು, ಅದನ್ನು ಅವರು ಅನ್ಯಾಯ ಎನ್ನಲಿಲ್ಲ. ಚಿಕ್ಕ ಟೀಚರ್ ಮುಂದುವರಿಯುವುದು ಮಾತ್ರ ಶಾಲೆ ತೆರೆಯುವ ದಿನದ ಮಕ್ಕಳ ಸಂಖ್ಯೆಯ ಮೇಲೆ ಎಂದು ಇಲಾಖೆಯವರು ಹೇಳಿದರು.

ರಜೆಯಲ್ಲಿ ದೊಡ್ಡ ಟೀಚರ್ ಮತ್ತೆ ತಿರುಗಿದರು. ಸುದ್ದಿ ಅವರಿಗಿಂತ ಮೊದಲೇ ಬೀದಿ ಸುತ್ತಿತ್ತು. ಬೈದ ಮನೆಯ ಬಾಗಿಲಲ್ಲೂ ನಿಂತರು, ಹೌದು ತಪ್ಪಾಯ್ತು ಎಂದರು. ಇಸ್ತ್ರಿ ಅಂಗಡಿಯ ಬೀದಿಗೆ ಮಾತ್ರ ಕಾಲು ಏಳಲಿಲ್ಲ. ಆಮೇಲೆ ಆಡೋಣ ಎಂದಿದ್ದ ಜಗಳವನ್ನು ಗುಬ್ಬಿಯ ತಾಯಿ ಆಡಲೇ ಇಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಗುಬ್ಬಿಯನ್ನು ಬಿಟ್ಟು ಎಣಿಸಿ ನೋಡಿದರೆ ಬೇಕಾದದ್ದಕ್ಕೆ ಒಂದು ಮಗು ಕಡಿಮೆ. ಮತ್ತೆ ಅದೇ ಒಂದು.

ಶಾಲೆ ತೆರೆದ ದಿನ ಚಿಕ್ಕ ಟೀಚರ್ ಗೇಟಿನ ಹತ್ತಿರವೇ ನಿಂತಿದ್ದಳು. ಗಂಟೆ ಹೊಡೆಯುವ ಹೊತ್ತಿಗೆ ತಿರುವಿನಲ್ಲಿ ಇಸ್ತ್ರಿ ಅಂಗಡಿಯವಳು ಕಂಡಳು, ಮಗಳ ಕೈ ಹಿಡಿದು. ಗೇಟಿನ ಮುಂದೆ ನಿಂತು, ದೊಡ್ಡ ಟೀಚರ್ ನೋಡುತ್ತಿರುವಾಗಲೇ, ತನ್ನ ದಡ್ಡುಗಟ್ಟಿದ ಅಂಗೈಯನ್ನು ಮಗಳ ಹಣೆಯ ಮೇಲಿಟ್ಟಳು. ಅವರ ಹಾಗೆಯೇ ಅರೆಗಳಿಗೆ ಕಣ್ಣು ಮುಚ್ಚಿದಳು.

"ತಣ್ಣಗಿದ್ದಾಳೆ," ಎಂದಳು. "ಇನ್ಮೇಲೆ ನಾನೇ ನೋಡಿ ಕಳಿಸ್ತೀನಿ."

ದೊಡ್ಡ ಟೀಚರ್ "ಸರಿ ತಾಯಿ" ಎಂದರು. ಗುಬ್ಬಿ ಅವರ ಪಕ್ಕದಲ್ಲೇ ಹಾದು ಒಳಗೆ ಓಡಿದಳು.